71 ಮಿಲಿಮೀಟರ್ ಎಲ್ಲಿ ಹೋಯ್ತು? ಚಿತ್ರದುರ್ಗದ ಕೆರೆ ಕೋಡಿಯ ಒಂದು ಲೆವೆಲಿಂಗ್ ಪ್ರಕರಣ

ಹೊರಟ ಜಾಗಕ್ಕೇ ವಾಪಸ್ ಬಂದಿದ್ದೆವು. ಅದೇ ಮೋರಿ, ಅದೇ ಕಲ್ಲು, ಕಲ್ಲಿನ ಮೇಲೆ ಬೆಳಿಗ್ಗೆ ನಾವೇ ಹಾಕಿದ ಕೆಂಪು ಬಣ್ಣದ ಗುರುತು. ಬೆಳಿಗ್ಗೆ ಅದರ ಮಟ್ಟ 100.000 ಮೀಟರ್ ಅಂತ ಬರೆದುಕೊಂಡಿದ್ದೆವು. ಸಂಜೆ ನಾಲ್ಕಕ್ಕೆ ಲೆಕ್ಕ ಕೂಡಿದರೆ 99.929 ಬಂತು. ಮೋರಿ ಅಂತೂ ಕುಸಿದಿಲ್ಲ. 71 ಮಿಲಿಮೀಟರ್ ಎಲ್ಲೋ ದಾರಿಯಲ್ಲಿ ಕಳೆದುಹೋಗಿದೆ.

ನಾನು ಸಿವಿಲ್ ವಿದ್ಯಾರ್ಥಿಗಳಿಗೆ ಸರ್ವೆ ಪಾಠ ಮಾಡುತ್ತೇನೆ. ಇದು ಐದು ಜನರ ಒಂದು ತಂಡ, ಒಂದು ಮಧ್ಯಾಹ್ನ ಮತ್ತು ಮರುದಿನದ ಬೆಳಿಗ್ಗೆಯ ವಿಷಯ. ಹೆಸರುಗಳು ಬೇಡ. ಮಕ್ಕಳನ್ನು ಅವರವರ ಊರಿನಿಂದಲೇ ಕರೆಯುತ್ತೇನೆ. ಈ ಪ್ರಕರಣವನ್ನು ಪೂರ್ತಿ ಬರೆದಿಡುತ್ತಿರುವುದಕ್ಕೆ ಒಂದು ಕಾರಣ ಇದೆ. ಲೂಪ್ ಕ್ಲೋಸ್ ಆಗದೇ ಇದ್ದದ್ದೇ, ಅಂದರೆ ಹೊರಟ ಕಲ್ಲಿಗೆ ವಾಪಸ್ ಬಂದಾಗ ಅದೇ ಮಟ್ಟ ಬರದೇ ಇದ್ದದ್ದೇ, ಆ ದಿನ ನಮ್ಮನ್ನು ಉಳಿಸಿತು. ಕ್ಲೋಸ್ ಆಗಿದ್ದರೆ ನಾವು ತಪ್ಪು ಉತ್ತರ ಹಿಡಿದುಕೊಂಡು ಖುಷಿಯಾಗಿ ಮನೆಗೆ ಹೋಗುತ್ತಿದ್ದೆವು. ಅದು ಹೇಗೆ ಅನ್ನುವುದು ಮುಂದೆ ಗೊತ್ತಾಗುತ್ತೆ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಪಠ್ಯದಲ್ಲಿ ಎಕ್ಸ್‌ಟೆನ್ಸಿವ್ ಸರ್ವೆ ಅಂತ ಒಂದು ಕ್ಯಾಂಪ್ ಇದೆ. ಹೊಸ ಕೆರೆ, ಹಳೇ ಕೆರೆ ದುರಸ್ತಿ, ರಸ್ತೆ, ಕುಡಿಯುವ ನೀರು: ಇವುಗಳಿಗೆ ಬೇಕಾದ ಅಳತೆಯನ್ನು ಮಕ್ಕಳೇ ಬಯಲಿನಲ್ಲಿ ನಿಂತು ಮಾಡಬೇಕು. ನಮ್ಮದು ಹಳೇ ಕೆರೆ. ಚಿತ್ರದುರ್ಗದಿಂದ ಹೊಳಲ್ಕೆರೆ ಕಡೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಆಷಾಢ ಮುಗಿದಿತ್ತು, ಗಾಳಿ ಮಾತ್ರ ನಿಂತಿರಲಿಲ್ಲ. ದೂರದ ಗುಡ್ಡದ ಸಾಲಿನಲ್ಲಿ ಫ್ಯಾನುಗಳು ತಿರುಗುತ್ತಿದ್ದವು. ಕೆರೆಯಲ್ಲಿ ನೀರಿಲ್ಲ. ಅಂಗಳದಲ್ಲಿ ಜಾಲಿ ಬೆಳೆದಿದೆ. ಏರಿಯ ಕೆಳಗೆ ಮೆಕ್ಕೆಜೋಳ, ಈರುಳ್ಳಿ.

ಮೊದಲ ದಿನದ ಕೆಲಸ ಒಂದೇ: ರಸ್ತೆ ಬದಿಯ ಮೋರಿಯಿಂದ ಕೆರೆ ಕೋಡಿಗೆ ಮಟ್ಟ ಒಯ್ಯಬೇಕು, ಬೇರೆ ದಾರಿಯಲ್ಲಿ ವಾಪಸ್ ತರಬೇಕು. ಕೆರೆಯ ಎಲ್ಲ ಲೆಕ್ಕವೂ ಕೋಡಿಯಿಂದಲೇ ಶುರು. ಎಷ್ಟು ನೀರು ನಿಲ್ಲುತ್ತೆ, ಹಿಂದೆ ಯಾರ ಹೊಲ ಮುಳುಗುತ್ತೆ, ಏರಿ ಇನ್ನೆಷ್ಟು ಮೇಲಿರಬೇಕು, ಎಲ್ಲಾ ಆ ಒಂದು ಕಲ್ಲಿನ ಎತ್ತರಕ್ಕೆ ಕಟ್ಟಿಬಿದ್ದಿದೆ. ನಮ್ಮ ಜಿಲ್ಲೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹಿರಿಯೂರು ಹತ್ತಿರದ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. ಪೂರ್ತಿ ತುಂಬುವ 130 ಅಡಿಗೆ ಇನ್ನೆಷ್ಟು ಬಾಕಿ ಅನ್ನುವುದು ಆಗ ಹೋಟೆಲಿನಲ್ಲಿ, ಬಸ್ಸಿನಲ್ಲಿ ಎಲ್ಲರ ಬಾಯಲ್ಲೂ ಇತ್ತು. ಹಿರಿಯೂರಿನ ಹುಡುಗ ನಮ್ಮ ತಂಡದಲ್ಲಿದ್ದ. ಕೋಡಿ ಅಂದ ತಕ್ಷಣ ಅವನ ಮುಖವೇ ಬೇರೆಯಾಗುತ್ತಿತ್ತು.

ಕ್ಯಾಂಪಿನ ಹಿಂದಿನ ಸಂಜೆ ನಾನು ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋಗುತ್ತೇನೆ. ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ ತೋರಿಸುತ್ತೇನೆ. ಮೇಲಿನ ಹೊಂಡ ತುಂಬಿದರೆ ನೀರು ಕೆಳಗಿನದಕ್ಕೆ ಇಳಿಯುತ್ತೆ, ಹಾಗೇ ಇಳಿಯುತ್ತಾ ಊರೊಳಗಿನ ಸಂತೆ ಹೊಂಡದವರೆಗೂ ಬರುತ್ತೆ. ಆ ಮಟ್ಟ ಹಿಡಿದವರ ಕೈಯಲ್ಲಿ ಆಟೋ ಲೆವೆಲ್, ಅಂದರೆ ಸಮಮಟ್ಟದಲ್ಲಿ ನೋಡುವ ದುರ್ಬೀನು, ಇರಲಿಲ್ಲ. ನೀರು ಎಲ್ಲಿ ನಿಲ್ಲುತ್ತೆ, ಎಲ್ಲಿ ಹರಿಯುತ್ತೆ ಅನ್ನುವುದರಲ್ಲಿ ಅವರು ತಪ್ಪಲಿಲ್ಲ. ಇದನ್ನು ನೋಡಿಕೊಂಡು ಬಂದ ಮೇಲೆ ಟ್ರೈಪಾಡ್ ಹಿಡಿಯುವ ಕೈಗೆ ಸ್ವಲ್ಪ ಭಯ ಬರುತ್ತೆ. ಆ ಭಯ ಒಳ್ಳೆಯದು.

ಗೊತ್ತಿಲ್ಲದವರಿಗೆ ಎರಡು ಮಾತು. ಉಪಕರಣವನ್ನು, ಅಂದರೆ ಟ್ರೈಪಾಡ್ ಮೇಲಿನ ಆಟೋ ಲೆವೆಲ್ಲನ್ನು, ನಡುವೆ ನಿಲ್ಲಿಸಬೇಕು. ಮಟ್ಟ ಗೊತ್ತಿರುವ ಕಲ್ಲಿನ ಮೇಲೆ ಸ್ಟಾಫ್, ಅಂದರೆ ಅಳತೆಯ ಗುರುತಿರುವ ಉದ್ದದ ಕೋಲು, ಹಿಡಿಸಿ ಓದಬೇಕು, ಅದು ಬ್ಯಾಕ್‌ಸೈಟ್. ಅದನ್ನು ಕಲ್ಲಿನ ಮಟ್ಟಕ್ಕೆ ಕೂಡಿದರೆ ಉಪಕರಣದ ದೃಷ್ಟಿ ಎಷ್ಟು ಎತ್ತರದಲ್ಲಿದೆ ಅಂತ ಗೊತ್ತಾಗುತ್ತೆ. ಆಮೇಲೆ ಮುಂದಿನ ಜಾಗದಲ್ಲಿ ಸ್ಟಾಫ್ ಓದಬೇಕು, ಅದು ಫೋರ್‌ಸೈಟ್. ಅದನ್ನು ಕಳೆದರೆ ಹೊಸ ಜಾಗದ ಮಟ್ಟ. ಹೀಗೆ ಒಂದೊಂದೇ ಹೆಜ್ಜೆ. ನಡುವಿನ ಜಾಗಗಳಿಗೆ ಚೇಂಜ್ ಪಾಯಿಂಟ್ ಅಂತಾರೆ.

ಬೆಳಿಗ್ಗೆ ನಾಲ್ಕು ಸಲ ಉಪಕರಣ ಇಟ್ಟು ಕೋಡಿ ಮುಟ್ಟಿದರು. ಊಟ ಮುಗಿಸಿ, ಇನ್ನು ನಾಲ್ಕು ಸಲ ಇಟ್ಟು ಮೋರಿಗೆ ವಾಪಸ್ ಬಂದರು. ಒಟ್ಟು 640 ಮೀಟರ್, ಒಂದೊಂದು ನೋಟ ಸುಮಾರು 40 ಮೀಟರ್. ಫೀಲ್ಡ್ ಬುಕ್ಕಿನಲ್ಲಿ ಇದ್ದದ್ದು ಹೀಗೆ, ಎಲ್ಲವೂ ಮೀಟರಿನಲ್ಲಿ:

| ಜಾಗ | ಬ್ಯಾಕ್‌ಸೈಟ್ | ಫೋರ್‌ಸೈಟ್ | ಮಟ್ಟ |
|---|---|---|---|
| ಮೋರಿ | 2.615 | | 100.000 |
| ಚೇಂಜ್ ಪಾಯಿಂಟ್ 1 | 2.480 | 0.840 | 101.775 |
| ಚೇಂಜ್ ಪಾಯಿಂಟ್ 2 | 2.735 | 0.765 | 103.490 |
| ಚೇಂಜ್ ಪಾಯಿಂಟ್ 3 | 2.190 | 1.120 | 105.105 |
| ಕೋಡಿ | 0.870 | 0.955 | 106.340 |
| ಚೇಂಜ್ ಪಾಯಿಂಟ್ 4 | 0.915 | 2.372 | 104.838 |
| ಚೇಂಜ್ ಪಾಯಿಂಟ್ 5 | 0.690 | 2.557 | 103.196 |
| ಚೇಂಜ್ ಪಾಯಿಂಟ್ 6 | 1.045 | 2.485 | 101.401 |
| ಮೋರಿ | | 2.517 | 99.929 |

ಸಾಧಾರಣ ಲೆವೆಲಿಂಗ್‌ಗೆ ಎಷ್ಟು ತಪ್ಪು ಒಪ್ಪಬಹುದು ಅನ್ನುವುದಕ್ಕೆ ಒಂದು ಲೆಕ್ಕ ಇದೆ. ದೂರವನ್ನು ಕಿಲೋಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 24ರಿಂದ ಗುಣಿಸಬೇಕು. 0.64ರ ವರ್ಗಮೂಲ 0.8. ಅಂದರೆ ನಮಗೆ 19 ಮಿಲಿಮೀಟರ್ ತನಕ ಮಾಫಿ. ಬಂದಿದ್ದು 71.

ಚಳ್ಳಕೆರೆ ಹುಡುಗ ಒಳ್ಳೆಯ ಹುಡುಗ. ಬೆಳಿಗ್ಗೆಯಿಂದ ಟ್ರೈಪಾಡ್ ಹೊತ್ತಿದ್ದ, ಮಧ್ಯಾಹ್ನ ಸ್ಟಾಫ್ ಹಿಡಿದಿದ್ದ. ಸುಸ್ತಾಗಿತ್ತು. ಅವನು ಬುಕ್ಕಿನ ಕೊನೆ ಸಾಲನ್ನು ಬೆರಳಲ್ಲಿ ತೋರಿಸಿ ಮೆಲ್ಲಗೆ ಅಂದ: "ಈ 2.517ನ 2.447 ಮಾಡಿದ್ರೆ ಮುಗೀತಲ್ವಾ? 99.999 ಬರುತ್ತೆ. ಒಂದೇ ಮಿಲಿಮೀಟರ್." ಲೆಕ್ಕ ಸರಿಯಾಗೇ ಹಾಕಿದ್ದ. ರಬ್ಬರೂ ಕೈಯಲ್ಲಿತ್ತು.

ಬುಕ್ ಬರೆಯುತ್ತಿದ್ದವಳು ಹೊಸದುರ್ಗದ ಹುಡುಗಿ. ಅವಳು ಬುಕ್ಕನ್ನು ತನ್ನ ಕಡೆ ಎಳೆದುಕೊಂಡಳು. "ನಾನು ಕೇಳಿಸಿಕೊಂಡಿದ್ದನ್ನೇ ಬರೆದಿದೀನಿ. ಅಳಿಸಲ್ಲ," ಅಂದಳು. ಅವಳಿಗೆ ಕಾರಣ ಗೊತ್ತಿತ್ತು ಅಂತಲ್ಲ. ತಾನು ಬರೆದಿದ್ದು ಸುಳ್ಳಲ್ಲ ಅನ್ನುವುದಷ್ಟೇ ಗೊತ್ತಿತ್ತು. ಆ ಗಳಿಗೆಯಲ್ಲಿ ನಾನು ಏನೂ ಹೇಳಬೇಕಾಗಲಿಲ್ಲ. ಅದಕ್ಕೆ ನನಗೆ ಈಗಲೂ ಸಂತೋಷ ಇದೆ.

ಸರಿ, ಹುಡುಕೋಣ ಅಂತ ಮೋರಿ ಕಟ್ಟೆ ಮೇಲೆ ಕೂತೆವು.

ಮೊದಲು ಕೂಡು ಕಳೆಯುವಿಕೆ. ಬ್ಯಾಕ್‌ಸೈಟ್ ಎಲ್ಲಾ ಕೂಡಿದರೆ 13.540. ಫೋರ್‌ಸೈಟ್ ಎಲ್ಲಾ ಕೂಡಿದರೆ 13.611. ವ್ಯತ್ಯಾಸ 0.071. ಮೊದಲ ಮತ್ತು ಕೊನೆಯ ಮಟ್ಟದ ವ್ಯತ್ಯಾಸವೂ ಅಷ್ಟೇ. ಹಾಗಾಗಿ ಲೆಕ್ಕದಲ್ಲಿ ತಪ್ಪಿಲ್ಲ, ತಪ್ಪು ಆಗಿರುವುದು ಬಯಲಿನಲ್ಲಿ. ಯಾರಾದರೂ ಮೀಟರ್ ತಪ್ಪಿ ಓದಿದರೆ ಒಂದು ಮೀಟರ್ ವ್ಯತ್ಯಾಸ ಬರುತ್ತೆ, ಡೆಸಿಮೀಟರ್ ತಪ್ಪಿದರೆ ಹತ್ತು ಸೆಂಟಿಮೀಟರ್. ಓದುವ ತಪ್ಪುಗಳು ಹೆಚ್ಚಾಗಿ ಹೀಗೆ ದುಂಡು ಸಂಖ್ಯೆಯಲ್ಲಿ ಬರುತ್ತವೆ. 71 ಅಂಥದ್ದಲ್ಲ.

ಹಿರಿಯೂರಿನ ಹುಡುಗನಿಗೆ ಮಣ್ಣಿನ ಮೇಲೆ ಅನುಮಾನ. ಹೊಲದ ಬದುವಿನ ಮೇಲೆ ಸ್ಟಾಫ್ ಇಟ್ಟಾಗ ಮೆತ್ತಗಿತ್ತಂತೆ, ಹೂತುಹೋಗಿರಬಹುದು ಅಂದ. ನಾನು ಕೇಳಿದೆ: "ಹೂತರೆ ಓದುವುದು ಜಾಸ್ತಿ ಆಗುತ್ತೋ ಕಡಿಮೆಯೋ?" ಒಂದು ನಿಮಿಷ ಯೋಚನೆ ಮಾಡಿದ. ಫೋರ್‌ಸೈಟ್ ಓದಿದ ಮೇಲೆ ಸ್ಟಾಫ್ ಇಳಿದರೆ, ಅದೇ ಜಾಗದ ಬ್ಯಾಕ್‌ಸೈಟ್ ಜಾಸ್ತಿ ಬರುತ್ತೆ. ಬ್ಯಾಕ್‌ಸೈಟ್ ಕೂಡುವ ಅಂಕಿ. ಹಾಗಾದರೆ ಕೊನೆಯ ಮಟ್ಟ 100ಕ್ಕಿಂತ ಮೇಲೆ ಹೋಗಬೇಕು. ನಮ್ಮದು ಕೆಳಗೆ ಬಂದಿದೆ. ಮಣ್ಣು ನಿರಪರಾಧಿ. ತಪ್ಪು ಎಷ್ಟು ಅನ್ನುವುದನ್ನಷ್ಟೇ ಎಲ್ಲರೂ ನೋಡುತ್ತಾರೆ. ಅದು ಯಾವ ಕಡೆ ಬಿದ್ದಿದೆ ಅನ್ನುವುದನ್ನೂ ನೋಡಿದರೆ ಅರ್ಧ ಅನುಮಾನ ಅಲ್ಲೇ ಕಳೆದುಹೋಗುತ್ತೆ.

ಗಾಳಿ? ಇದು ಬಲವಾದ ಅನುಮಾನ. ಸ್ಟಾಫ್ ವಾಲಿದರೆ ಓದುವುದು ಯಾವಾಗಲೂ ಜಾಸ್ತಿ. ಇಳಿಜಾರಿನಲ್ಲಿ ಇಳಿಯುವಾಗ ದೊಡ್ಡ ಅಂಕಿಗಳೆಲ್ಲ ಫೋರ್‌ಸೈಟ್, ಅಂದರೆ ಮಟ್ಟ ಕೆಳಗೆ ಬೀಳುತ್ತೆ. ದಿಕ್ಕು ಸರಿಹೋಯಿತು. ಆದರೆ ಎಷ್ಟು ವಾಲಬೇಕು? ನಾಲ್ಕು ಮೀಟರ್ ಸ್ಟಾಫಿನ ತುದಿ 10 ಸೆಂಟಿಮೀಟರ್ ವಾಲಿದರೂ, 2.5 ಮೀಟರ್ ಹತ್ತಿರದ ಓದಿಗೆ ಒಂದು ಮಿಲಿಮೀಟರ್ ಕೂಡ ವ್ಯತ್ಯಾಸ ಬರುವುದಿಲ್ಲ. ಪ್ರತಿ ಸಲ 17, 18 ಮಿಲಿಮೀಟರ್ ತಿನ್ನಬೇಕು ಅಂದರೆ ತುದಿ ಹೆಚ್ಚುಕಮ್ಮಿ ಒಂದು ಮೊಳ ವಾಲಿರಬೇಕು. ಹಾಗೆ ವಾಲಿದ್ದರೆ ಐದು ಜನರಲ್ಲಿ ಒಬ್ಬರಿಗಾದರೂ ಕಾಣುತ್ತಿತ್ತು. ಅದೂ ಅಲ್ಲದೆ ನೆಟ್ಟಗಿದೆಯಾ ಅಂತ ತೋರಿಸುವ ಗುಳ್ಳೆ ಸ್ಟಾಫಿಗೆ ಇದೆ, ಹುಡುಗ ಅದನ್ನು ನೋಡಿಕೊಂಡೇ ಹಿಡಿದಿದ್ದ.

ಉಪಕರಣದ ದೃಷ್ಟಿಯೇ ಓರೆ ಇರಬಹುದಾ? ಬೆಳಿಗ್ಗೆಯೇ ಎರಡು ಗೂಟದ ಪರೀಕ್ಷೆ ಮಾಡಿದ್ದೆವು. 50 ಮೀಟರಿಗೆ 2 ಮಿಲಿಮೀಟರ್ ಓರೆ ಇತ್ತು. ಹಿಂದಿನ ನೋಟ, ಮುಂದಿನ ನೋಟ ಎರಡೂ ಹೆಚ್ಚುಕಮ್ಮಿ ಸಮ ದೂರದಲ್ಲಿದ್ದವು. ಹಾಗಿದ್ದಾಗ ಈ ದೋಷ ತಾನಾಗೇ ಕಳೆದುಹೋಗುತ್ತೆ. ಇದನ್ನು ಬೇಗ ಬಿಟ್ಟೆವು.

ಇಷ್ಟೊತ್ತು ಹೊಸದುರ್ಗದ ಹುಡುಗಿ ಮಾತಾಡಿರಲಿಲ್ಲ. ಬುಕ್ಕಿನ ಪುಟದ ಮೇಲೆ ಎರಡೂ ಅಂಗೈ ಊರಿಕೊಂಡು ನೋಡುತ್ತಿದ್ದಳು. ಆಮೇಲೆ ಅಂದಳು: "ಮೇಡಂ, ಮಧ್ಯಾಹ್ನ ಬ್ಯಾಕ್‌ಸೈಟ್ ಎಲ್ಲಾ 1.1ರ ಒಳಗೇ ಇದೆ. ಫೋರ್‌ಸೈಟ್ ಎಲ್ಲಾ 2.3ರ ಮೇಲೆ. ಕೆಳಗಿನ ತುಂಡಲ್ಲಿ ನಾಲ್ಕು ಸಲ ಓದಿದೀವಿ, ಮೇಲಿನ ತುಂಡಲ್ಲಿ ನಾಲ್ಕು ಸಲ."

ನಮ್ಮ ಸ್ಟಾಫ್ ಅಲ್ಯೂಮಿನಿಯಂದು, ಒಂದರೊಳಗೆ ಒಂದು ಜಾರುವ ತುಂಡುಗಳದ್ದು. ಕೆಳಗಿನ ತುಂಡು ಸುಮಾರು 1.2 ಮೀಟರ್. ಮೇಲಿನದನ್ನು ಎಳೆದರೆ ಒಂದು ಸ್ಪ್ರಿಂಗ್ ಗುಂಡಿ ತೂತಿಗೆ ಬಂದು ಕೂರುತ್ತೆ. ಅದೃಷ್ಟಕ್ಕೆ ಸ್ಟಾಫನ್ನು ಇನ್ನೂ ಮಡಚಿರಲಿಲ್ಲ. ಲೆಕ್ಕ ಮುಗಿಯುವ ತನಕ ಏನನ್ನೂ ಮಡಚಬೇಡಿ ಅಂತ ನಾನು ಹೇಳುವುದುಂಟು, ಕೊನೆಯ ಓದು ಮತ್ತೆ ಬೇಕಾಗಬಹುದು ಅಂತ. ಅದು ಮೋರಿ ಪಕ್ಕ ಉದ್ದಕ್ಕೂ ಮಲಗಿತ್ತು.

ಟೇಪ್ ತಂದರು. ಕೆಳಗಿನ ತುಂಡಿನ 1.10 ಗುರುತಿಗೆ ಟೇಪಿನ ಸೊನ್ನೆ ಹಿಡಿದರು. ಮೇಲಿನ ತುಂಡಿನ 1.30 ಗುರುತು 200 ಮಿಲಿಮೀಟರಿಗೆ ಸರಿಯಾಗಿ ಬರಬೇಕು. ಎಲ್ಲರೂ ಬಗ್ಗಿ ನೋಡಿದೆವು. 183.

ಗುಂಡಿ ತೂತಿಗೆ ಬಿದ್ದೇ ಇರಲಿಲ್ಲ. ಕಾಲರಿನ ಸಂದಿಯಲ್ಲಿ ಕೆಂಪು ಮರಳು ಸಿಕ್ಕಿಕೊಂಡು, ತುಂಡು ಬಿಗಿಯಾಗಿ 17 ಮಿಲಿಮೀಟರ್ ಕೆಳಗೇ ನಿಂತಿತ್ತು. ಎಳೆದವನಿಗೆ ಪೂರ್ತಿ ಬಂತು ಅನ್ನಿಸುವಷ್ಟು ಬಿಗಿ. ಸಂದಿ ಒರೆಸಿ ಎರಡು ಕೈಯಲ್ಲಿ ಎಳೆದರೆ ಟಕ್ ಅಂತ ಸದ್ದು ಬಂತು. ಟೇಪಿನಲ್ಲಿ 200 ಸರಿಯಾಯಿತು.

ಏನಾಗಿತ್ತು ಅನ್ನುವುದು ಆಗ ಬಿಡಿಸಿಕೊಂಡಿತು. ಊಟಕ್ಕೆ ಬೇವಿನ ಮರದ ಕೆಳಗೆ ಕೂತಾಗ ಗಾಳಿಗೆ ಬೀಳದಿರಲಿ ಅಂತ ಸ್ಟಾಫ್ ಮಡಚಿಟ್ಟಿದ್ದರು. ಊಟ ಆದ ಮೇಲೆ ಕೆಲಸ ಬದಲಾಯಿಸಿಕೊಂಡರು. ಬೆಳಿಗ್ಗೆ ಹಿಡಿದವನು ಉಪಕರಣಕ್ಕೆ ಬಂದ, ಚಳ್ಳಕೆರೆ ಹುಡುಗ ಸ್ಟಾಫ್ ಎಳೆದ. ಅವತ್ತು ತನಕ ಅವನು ಆ ಸ್ಟಾಫನ್ನು ಬಿಚ್ಚಿಯೇ ಇರಲಿಲ್ಲ. ಮೇಲಿನ ತುಂಡಲ್ಲಿ ಓದಿದ ಪ್ರತಿ ಅಂಕಿ 17 ಮಿಲಿಮೀಟರ್ ಜಾಸ್ತಿ. ನಾಲ್ಕು ಫೋರ್‌ಸೈಟ್, ನಾಲ್ಕು ಹದಿನೇಳು, 68. ಉಳಿದದ್ದು 3 ಮಿಲಿಮೀಟರ್. ಅದು ಯಾವ ತಂಡಕ್ಕಾದರೂ ಬರುವ ಸಣ್ಣ ಪುಟ್ಟ ತಪ್ಪು.

ಹುಡುಗನ ಮುಖ ಚಿಕ್ಕದಾಯಿತು. ಇದು ಅವನ ತಪ್ಪಲ್ಲ ಅಂತ ನಾನು ಅಲ್ಲೇ ಹೇಳಿದೆ, ಇಲ್ಲೂ ಹೇಳುತ್ತೇನೆ. ಗುಳ್ಳೆ ನಡುವೆ ತರುವುದು, ಪ್ಯಾರಲ್ಯಾಕ್ಸ್ (ಕಣ್ಣು ಅಲುಗಿದರೆ ಓದು ಬದಲಾಗುವ ದೋಷ) ತೆಗೆಯುವುದು, ಸ್ಟಾಫ್ ನೆಟ್ಟಗೆ ಹಿಡಿಯುವುದು: ಇದೆಲ್ಲ ಲ್ಯಾಬಿನಲ್ಲಿ ಹತ್ತು ಸಲ ಹೇಳಿದ್ದೆ. ಗುಂಡಿಯ ಸದ್ದು ಕೇಳಿಸಿಕೊಳ್ಳಿ ಅಂತ ಒಂದು ಸಲವೂ ಹೇಳಿರಲಿಲ್ಲ. ಲ್ಯಾಬಿನ ಅಂಗಳ ಸಮತಟ್ಟು, ಅಲ್ಲಿ ಓದುವುದೆಲ್ಲ 1.5ರ ಆಸುಪಾಸು. ಕೀಲಿನ ಮೇಲೊಂದು, ಕೆಳಗೊಂದು ಓದುವ ಪ್ರಸಂಗವೇ ಅಲ್ಲಿ ಬರುವುದಿಲ್ಲ. ಇಳಿಜಾರಿಗೆ ಕರೆತಂದ ಮೇಲೆ ಅದನ್ನು ಹೇಳಬೇಕಾಗಿದ್ದವಳು ನಾನು.

ಆಮೇಲೆ ಆ ಹುಡುಗನೇ ಕೇಳಿದ ಪ್ರಶ್ನೆ ಈ ಪ್ರಕರಣದ ತಿರುಳು. "ಮೇಡಂ, ಬೆಳಿಗ್ಗೆಯಿಂದಲೇ ಹಿಂಗೆ ಇದ್ದಿದ್ರೆ?"

ಲೆಕ್ಕ ಹಾಕಿ ನೋಡಿದೆವು. ಬೆಳಿಗ್ಗೆ ಏರುವಾಗ ಬ್ಯಾಕ್‌ಸೈಟ್ ನಾಲ್ಕೂ 2.1ರ ಮೇಲಿವೆ, ಫೋರ್‌ಸೈಟ್ ನಾಲ್ಕೂ 1.2ರ ಕೆಳಗಿವೆ. ಅವತ್ತು ಬೆಳಿಗ್ಗೆಯೂ ಗುಂಡಿ ಬಿದ್ದಿರದಿದ್ದರೆ ನಾಲ್ಕು ಬ್ಯಾಕ್‌ಸೈಟೂ 17 ಜಾಸ್ತಿ ಬರುತ್ತಿದ್ದವು. ಕೋಡಿ 106.340ರ ಬದಲು 106.408 ಅಂತ ಬರುತ್ತಿತ್ತು. ಇಳಿಯುವಾಗ ಅದೇ 68 ಕಳೆದುಹೋಗಿ, ಮೋರಿ 99.997 ಬರುತ್ತಿತ್ತು. ಮೂರು ಮಿಲಿಮೀಟರಿಗೆ ಕ್ಲೋಸ್! 19ರ ಜಾಗದಲ್ಲಿ 3. ನಾನೇ ಬುಕ್ಕಿಗೆ ಸಹಿ ಹಾಕಿ ಭೇಷ್ ಅನ್ನುತ್ತಿದ್ದೆ. ಕೋಡಿ ಮಾತ್ರ 68 ಮಿಲಿಮೀಟರ್ ತಪ್ಪಾಗಿ ಹಾಗೇ ಉಳಿಯುತ್ತಿತ್ತು. ಏರುವಾಗಲೂ ಇಳಿಯುವಾಗಲೂ ಒಂದೇ ಥರ ತಪ್ಪುವ ಸ್ಟಾಫನ್ನು ಲೂಪ್ ಹಿಡಿಯಲಾರದು.

ಬೆಳಿಗ್ಗೆಯ ಅರ್ಧ ಸರಿ ಇತ್ತು ಅನ್ನುವುದಕ್ಕೆ ಸಾಕ್ಷಿ ಯಾವುದು ಅಂತ ಹಿರಿಯೂರಿನ ಹುಡುಗ ಕೇಳಿದ. ಸಾಕ್ಷಿ ಆ 71ನೇ. ಬೆಳಿಗ್ಗೆಯೂ ಅದೇ ತಪ್ಪಿದ್ದಿದ್ದರೆ 71 ಬರುತ್ತಲೇ ಇರಲಿಲ್ಲ. ಎರಡು ಹೊತ್ತಿನ ಸ್ಟಾಫ್ ಒಂದೇ ಥರ ಇರಲಿಲ್ಲ ಅಂತ ಅದೊಂದೇ ಅಂಕಿ ಹೇಳಿತು. 2.517ನ್ನು ಅಳಿಸಿದ್ದರೆ ಆ ಸಾಕ್ಷಿಯನ್ನು ನಾವೇ ಅಳಿಸಿದಂತೆ ಆಗುತ್ತಿತ್ತು.

ಅಷ್ಟರಲ್ಲಿ ಮೇಕೆ ಹೊಡೆದುಕೊಂಡು ಒಬ್ಬರು ಅಜ್ಜ ಬಂದರು. ಅವರ ಮನೆಯವರು ಹಿಂದೆ ನೀರುಗಂಟಿ ಕೆಲಸ ಮಾಡುತ್ತಿದ್ದರಂತೆ. "ಏನವ್ವಾ, ಬೆಳಿಗ್ಗೆಯಿಂದ ಅಳೀತಾನೇ ಇದೀರಿ, ಏನ್ ಸಿಕ್ತು?" ಅಂತ ಹೊಸದುರ್ಗದ ಹುಡುಗಿಯನ್ನು ಕೇಳಿದರು. ಅವಳು ಹೇಳಿದಳು: ಕೋಡಿ ಎತ್ತರ 68 ಮಿಲಿಮೀಟರ್ ತಪ್ಪಾಗುವುದರಲ್ಲಿತ್ತು ಅಜ್ಜ. ಅವರಿಗೆ ಮಿಲಿಮೀಟರ್ ತಿಳಿಯಲಿಲ್ಲ. ಅವಳು ಟೇಪ್ ಬಿಚ್ಚಿ ತೋರಿಸಿದಳು. ಅಜ್ಜ ಬಲಗೈಯ ನಾಲ್ಕು ಬೆರಳು ಜೋಡಿಸಿ ಟೇಪಿನ ಪಕ್ಕ ಮೋರಿ ಕಲ್ಲಿಗೆ ಅಡ್ಡ ಇಟ್ಟರು. ಉಗುರಿನ ಸಂದಿಯಲ್ಲಿ ಮಣ್ಣು, ಬೆರಳ ಗೆಣ್ಣು ದಪ್ಪ. ಹೆಚ್ಚುಕಮ್ಮಿ ಸರಿಯಾಗಿ ಕೂತಿತು.

"ನಾಲ್ಕು ಬೆಳ್ಳು," ಅಂದರು. "ಕೋಡಿ ಮ್ಯಾಲೆ ನಾಲ್ಕು ಬೆಳ್ಳು ನೀರು ಜಾಸ್ತಿ ನಿಲ್ಲಿಸಿ ನೋಡ್ರಿ, ಹಿಂದ್ಲ ಹೊಲದೋರು ರಾತ್ರೋ ರಾತ್ರಿ ಬಂದು ಕೋಡಿ ಒಡೀತಾರೆ. ನಮ್ಮಪ್ಪನ ಕಾಲದಾಗೆ ಹಂಗೇ ಆಗಿತ್ತು."

ಅವರು ಹೋದ ಮೇಲೆ ಮಕ್ಕಳು ಆ ನಾಲ್ಕು ಬೆರಳಿನ ಲೆಕ್ಕ ಮಾಡಿದರು. ನಾನು ಹೇಳಿರಲಿಲ್ಲ. ಕೆರೆಯ ಹಿಂಭಾಗದ ಇಳಿಜಾರು ನೂರಕ್ಕೆ ಒಂದು ಅಂತ ಇಟ್ಟುಕೊಂಡರೆ, 68 ಮಿಲಿಮೀಟರ್ ಎತ್ತರ ಅಂದರೆ ನೀರು ಹೊಲದೊಳಗೆ 6.8 ಮೀಟರ್ ಮುಂದೆ ಹೋದ ಹಾಗೆ. ನೀರು 20 ಹೆಕ್ಟೇರಿನಲ್ಲಿ ಹರಡಿ ನಿಂತಿದೆ ಅಂದುಕೊಂಡರೆ 13,600 ಘನ ಮೀಟರ್, ಅಂದರೆ 1 ಕೋಟಿ 36 ಲಕ್ಷ ಲೀಟರ್. ಅಷ್ಟು ನೀರು ಇದೆ ಅಂತ ಕಾಗದದಲ್ಲಿ ಬರೆದು ಅಚ್ಚುಕಟ್ಟಿಗೆ ಹಂಚಿದರೆ, ತೂಬಿನ ಕೊನೆಯಲ್ಲಿ ಹೊಲ ಇರುವವನಿಗೆ ಸಿಗುವುದು ಒಣ ಕಾಲುವೆ ಅಲ್ವಾ?

ಬುಕ್ಕಿನಲ್ಲಿ ಏನು ಬರೆಯಬೇಕು ಅನ್ನುವುದು ಉಳಿದಿತ್ತು. ನಾಲ್ಕು ಫೋರ್‌ಸೈಟಿನಿಂದ 17 ಕಳೆದು ಮುಗಿಸಬಹುದು ಅಂತ ಒಬ್ಬರು ಅಂದರು. ಲೆಕ್ಕಕ್ಕೆ ಅದು ಸರಿ. ನಾನು ಒಪ್ಪಲಿಲ್ಲ. ನಾಲ್ಕು ಸಲವೂ ತುಂಡು ಅಷ್ಟೇ ಇಳಿದಿತ್ತು ಅಂತ ನಾವು ಊಹೆ ಮಾಡುತ್ತಿದ್ದೇವೆ, ಟೇಪ್ ಹಿಡಿದು ನೋಡಿದ್ದು ಕೊನೆಯಲ್ಲಿ ಒಂದು ಸಲ ಮಾತ್ರ. ಹಾಗಾಗಿ ಹಳೆಯ ಅಂಕಿಗಳನ್ನು ಮುಟ್ಟಲಿಲ್ಲ. ಮಧ್ಯಾಹ್ನದ ಸಾಲುಗಳ ಮೇಲೆ ಓದಲು ಬರುವ ಹಾಗೆ ಒಂದೇ ಗೆರೆ ಎಳೆದರು. ಷರಾ ಕಾಲಮ್ಮಿನಲ್ಲಿ ಹುಡುಗಿ ಬರೆದಳು: "ಸ್ಟಾಫಿನ ಮೊದಲ ಕೀಲು ಕೂತಿರಲಿಲ್ಲ. ಟೇಪಿನಲ್ಲಿ 200ಕ್ಕೆ 183. ಕೋಡಿಯಿಂದ ಮೋರಿಗೆ ಮತ್ತೆ ಮಾಡಬೇಕು."

ಮರುದಿನ ಬೆಳಿಗ್ಗೆ ಏಳಕ್ಕೆ, ಗಾಳಿ ಏಳುವ ಮೊದಲೇ, ಕೋಡಿ ಹತ್ತಿರ ಇದ್ದೆವು. ಸ್ಟಾಫ್ ಹಿಡಿಯುತ್ತೇನೆ ಅಂತ ಚಳ್ಳಕೆರೆ ಹುಡುಗನೇ ಕೇಳಿಕೊಂಡ. ಒಂದೊಂದು ತುಂಡು ಎಳೆದಾಗಲೂ ಸದ್ದು ಕೇಳಿಸಿಕೊಂಡ, ಪ್ರತಿ ಕೀಲಿಗೂ ಟೇಪ್ ಹಿಡಿಸಿದ, 200, 200, 200 ಅಂತ ಬುಕ್ಕಿನ ಮೇಲ್ತುದಿಯಲ್ಲಿ ಬರೆಸಿದ. ಮತ್ತೆ ನಾಲ್ಕು ಸಲ ಉಪಕರಣ ಇಟ್ಟು ಇಳಿದೆವು. ಮೋರಿ ಕಲ್ಲಿನ ಕೆಂಪು ಗುರುತು 100.004.

ಆ ನಾಲ್ಕು ಮಿಲಿಮೀಟರನ್ನು ಎಂಟು ಹೆಜ್ಜೆಗೂ ಹಂಚಿದೆವು. ಕೋಡಿ ನಡುವಿನದ್ದು, ಅದರ ಪಾಲಿಗೆ ಎರಡು ಕಳೆಯಿತು. ಕೋಡಿಯ ಮಟ್ಟ 106.338 ಅಂತ ಬರೆದು, ಕೆಳಗೆ ಐದೂ ಜನ ಸಹಿ ಹಾಕಿದರು. ಆಮೇಲೆ ತೂಬಿನ ಕಡೆ ಹೊರಟೆವು.